ಪಾಡ್‌ಕಾಸ್ಟ್ ಪಠ್ಯ | ಒಂದೇ ಮೌಸ್, ನಾಲ್ಕು ಹೆಸರು: ಹಳೇ ಲ್ಯಾಪ್‌ಟಾಪ್‌ನ ಡಬಲ್ ಎಂಟ್ರಿಗಳಲ್ಲಿ ಯಾವುದನ್ನು ತೆಗೀಬೇಕು, ಯಾವುದನ್ನು ಮುಟ್ಟಬಾರದು?

(ಈ ವಾರದ ತಂತ್ರಜ್ಞಾನ ಸಂಚಿಕೆಯ ಪಠ್ಯರೂಪ ಇಲ್ಲಿದೆ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

ನೀವು ಇದನ್ನ ಫೋನಲ್ಲೇ ಕೇಳ್ತಾ ಇರ್ತೀರಿ ಅಂತ ಗೊತ್ತು. ಆದರೆ ಇವತ್ತಿನ ಮಾತು ಫೋನ್ ಬಗ್ಗೆ ಅಲ್ಲ, ಮನೆಯ ಮೂಲೆಯಲ್ಲಿರೋ ಹಳೇ ಲ್ಯಾಪ್‌ಟಾಪ್ ಬಗ್ಗೆ. ಅಣ್ಣನೋ ಅಕ್ಕನೋ ಐದಾರು ವರ್ಷ ಬಳಸಿ ನಿಮಗೆ ದಾಟಿಸಿದ್ದು, ಇಲ್ಲಾಂದ್ರೆ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅಂಥ ಲ್ಯಾಪ್‌ಟಾಪ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದವರು ಸಾಮಾನ್ಯವಾಗಿ ಒಂದು ಸಲ ಗಾಬರಿಯಾಗ್ತಾರೆ. ಇರೋದು ಒಂದೇ ಮೌಸ್, ಪಟ್ಟಿಯಲ್ಲಿ ನಾಲ್ಕು. ಇರೋದು ಒಂದೇ ಪ್ರಿಂಟರ್, ಅದಕ್ಕೆ ‘ಕಾಪಿ 1’ ಅಂತ ಇನ್ನೊಂದು ಅವತಾರ. ನೆಟ್‌ವರ್ಕ್ ಅಡಾಪ್ಟರ್ ಹೆಸರಿನ ಮುಂದೆ ‘#2’, ‘#3’ ಅನ್ನೋ ಬಾಲ.

ಆಮೇಲೆ ಬರೋ ಪ್ರಶ್ನೆಗಳು ಮೂರು. ಇದು ವೈರಸ್ಸಾ? ಲ್ಯಾಪ್‌ಟಾಪ್ ಸ್ಲೋ ಆಗಿರೋದು ಇದರಿಂದಾನಾ? ಎಲ್ಲಾ ಡಿಲೀಟ್ ಮಾಡಿಬಿಡಬಹುದಾ?

ಉತ್ತರ ಮೊದಲೇ ಹೇಳಿಬಿಡ್ತೀನಿ. ವೈರಸ್ ಅಲ್ಲ. ಸ್ಲೋ ಆಗೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ಮೂರನೇದಕ್ಕೆ ಉತ್ತರ: ಎಲ್ಲವನ್ನೂ ಅಲ್ಲ. ನಿಮಗೆ ಒಂದು ನಿರ್ದಿಷ್ಟ ತೊಂದರೆ ಕೊಡ್ತಾ ಇರೋದನ್ನ ಮಾತ್ರ. ಯಾಕಂದ್ರೆ ಆ ಪಟ್ಟಿಯಲ್ಲಿ ಎರಡೆರಡು ಸಲ ಕಾಣೋದೆಲ್ಲ ನಕಲಿ ಅಲ್ಲ. ಕೆಲವು ನಿಜವಾಗಿಯೂ ಎರಡು ಇರ್ತವೆ. ಅದನ್ನ ಗುರುತಿಸದೆ ಕೈಹಾಕಿದವರು ಆನ್‌ಲೈನ್ ಇಂಟರ್‌ವ್ಯೂ ಹಿಂದಿನ ರಾತ್ರಿ ವೈಫೈ ಕಳಕೊಂಡು ಕೂತಿರ್ತಾರೆ.

ಮೊದಲು, ಒಂದೇ ಮೌಸ್ ನಾಲ್ಕಾಗೋದು ಹೇಗೆ ಅಂತ ನೋಡೋಣ.

ಮತದಾರರ ಪಟ್ಟಿ ನೆನಪಿಸಿಕೊಳ್ಳಿ. ರಾಜಾಜಿನಗರದಲ್ಲಿ ಬಾಡಿಗೆಗಿದ್ದವರು ವಿಜಯನಗರಕ್ಕೆ ಮನೆ ಬದಲಾಯಿಸ್ತಾರೆ. ಹೊಸ ಕಡೆ ಹೆಸರು ಸೇರಿಸ್ತಾರೆ, ಹಳೇ ಕಡೆ ತೆಗೆಸೋದಿಲ್ಲ. ಮನುಷ್ಯ ಒಬ್ಬನೇ, ಹೆಸರು ಎರಡು ಕಡೆ. ಮನುಷ್ಯನನ್ನ ಗುರುತಿನ ಚೀಟಿಯ ನಂಬರಿಂದ ಹುಡುಕಿದ್ರೆ ಈ ಗೊಂದಲ ಬರಲ್ಲ. ಮನೆ ನಂಬರಿಂದ ಹುಡುಕಿದ್ರೆ ಬಂದೇ ಬರುತ್ತೆ.

ವಿಂಡೋಸ್ ಮಾಡೋದೂ ಇದನ್ನೇ. ಯುಎಸ್‌ಬಿ ಪೋರ್ಟ್‌ಗೆ ಏನಾದ್ರೂ ಚುಚ್ಚಿದ ಕೂಡಲೇ ಅದು ‘ನಿನ್ನ ಸೀರಿಯಲ್ ನಂಬರ್ ಏನು’ ಅಂತ ಕೇಳುತ್ತೆ. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಆ ನಂಬರ್ ಇರುತ್ತೆ. ಹಾಗಾಗಿ ಎಡಗಡೆ ಪೋರ್ಟ್‌ಗೆ ಹಾಕಿ, ಬಲಗಡೆಗೆ ಹಾಕಿ, ಅದೇ ಪೆನ್‌ಡ್ರೈವ್ ಅಂತ ಗೊತ್ತಾಗುತ್ತೆ. ಆದರೆ ಮುನ್ನೂರು ರೂಪಾಯಿ ಮೌಸ್‌ಗೆ ಯಾರು ಸೀರಿಯಲ್ ನಂಬರ್ ಹಾಕ್ತಾರೆ? ನಂಬರ್ ಇಲ್ಲ ಅಂದಾಗ ವಿಂಡೋಸ್ ಆ ಮೌಸನ್ನ ‘ಈ ಪೋರ್ಟ್‌ನಲ್ಲಿರೋ ಮೌಸ್’ ಅಂತ ಬರ್ಕೊಳ್ಳುತ್ತೆ. ನಾಳೆ ಅದನ್ನೇ ಪಕ್ಕದ ಪೋರ್ಟ್‌ಗೆ ಹಾಕಿದ್ರೆ ಅದರ ಲೆಕ್ಕದಲ್ಲಿ ಹೊಸ ಮೌಸ್ ಬಂತು. ಹಳೇ ದಾಖಲೆ ಅಳಿಸಲ್ಲ, ಅದು ರಿಜಿಸ್ಟ್ರಿಯಲ್ಲಿ ಹಾಗೇ ಉಳಿಯುತ್ತೆ. ಮೂರು ಪೋರ್ಟ್, ಒಂದು ಯುಎಸ್‌ಬಿ ಹಬ್ ಇದ್ರೆ ಒಂದೇ ಮೌಸ್‌ಗೆ ನಾಲ್ಕು ದಾಖಲೆ ಆಗೋದು ದೊಡ್ಡ ವಿಷಯ ಅಲ್ಲ.

ಯಾಕೆ ಅಳಿಸಲ್ಲ ಅಂದ್ರೆ, ಅದು ನಿಮ್ಮ ಅನುಕೂಲಕ್ಕೇ. ನಾಳೆ ಅದೇ ಪೋರ್ಟ್‌ಗೆ ವಾಪಸ್ ಹಾಕಿದಾಗ ಸೆಟ್ಟಿಂಗ್ಸ್ ಎಲ್ಲ ನೆನಪಿರಲಿ ಅಂತ. ಈಗ ಜೋಡಿಸಿಲ್ಲದ, ಆದರೆ ದಾಖಲೆ ಉಳಿದಿರೋ ಸಾಧನಗಳಿಗೆ ‘ಘೋಸ್ಟ್ ಡಿವೈಸ್’ ಅಂತ ಅಡ್ಡಹೆಸರು. ದೆವ್ವ ಅನ್ನೋದಕ್ಕಿಂತ ಹಳೇ ಬಾಡಿಗೆದಾರನ ಹೆಸರಿನ ಬೋರ್ಡ್ ಅನ್ನೋದು ಸರಿಯಾದೀತು.

ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ನಲ್ಲಿ ಇದು ಇನ್ನೂ ಜಾಸ್ತಿ ಇರೋದಕ್ಕೆ ಕಾರಣ ಇದೆ. ಒಂದು ಮಷೀನ್‌ನಲ್ಲಿ ವಿಂಡೋಸ್ ಹಾಕಿ, ಆ ಡಿಸ್ಕನ್ನ ಹಾಗೇ ಕ್ಲೋನ್ ಮಾಡಿ ಬೇರೆ ಮಷೀನ್‌ಗೆ ಹಾಕಿಕೊಟ್ಟಿದ್ರೆ ಹಳೇ ಮಷೀನ್‌ನ ಗ್ರಾಫಿಕ್ಸ್, ಸೌಂಡ್, ಲ್ಯಾನ್ ಕಾರ್ಡ್ ಎಲ್ಲದರ ದಾಖಲೆಗಳೂ ಜೊತೆಗೇ ಬಂದಿರ್ತವೆ. ಅದರಲ್ಲಿ ನೀವು ನೋಡೇ ಇರದ ಕಂಪನಿಯ ಹೆಸರೂ ಕಾಣಬಹುದು.

ಈಗ ಸ್ಪೀಡ್ ವಿಷಯ. ಸಾಧನ ಜೋಡಿಸಿಲ್ಲ ಅಂದ್ರೆ ಅದಕ್ಕಾಗಿ ಡ್ರೈವರ್ ಓಡ್ತಾ ಇರಲ್ಲ, ರ‍್ಯಾಮ್ ತಿನ್ನಲ್ಲ. ಅದು ರಿಜಿಸ್ಟ್ರಿಯಲ್ಲಿ ಕೆಲವು ಸಾಲು ಅಷ್ಟೇ. ಇನ್ನೂರು ಘೋಸ್ಟ್ ಎಂಟ್ರಿ ತೆಗೆದ್ರೂ ಲ್ಯಾಪ್‌ಟಾಪ್ ಒಂದು ಸೆಕೆಂಡ್ ಬೇಗ ಆನ್ ಆಗುತ್ತೆ ಅಂತ ಕಾಯಬೇಡಿ. ಹಳೇ ತಿರುಗೋ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದ್ರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ. ದುಡ್ಡು ಅಲ್ಲಿ ಹಾಕಿ. ‘ಡ್ರೈವರ್ ಕ್ಲೀನರ್’, ‘ಪಿಸಿ ಬೂಸ್ಟರ್’ ಅಂತ ಜಾಹೀರಾತು ಬರೋ ಆ್ಯಪ್‌ಗಳಿಗೆ ದುಡ್ಡೂ ಬೇಡ, ಜಾಗವೂ ಬೇಡ. ‘ನಿಮ್ಮ ಸಿಸ್ಟಂನಲ್ಲಿ 187 ಸಮಸ್ಯೆಗಳಿವೆ’ ಅಂತ ಕೆಂಪು ಅಕ್ಷರದಲ್ಲಿ ಹೆದರಿಸುವಾಗ ಅವು ಎಣಿಸ್ತಿರೋದರಲ್ಲಿ ಇಂಥ ನಿರಪಾಯದ ಸಾಲುಗಳೂ ಸೇರಿರಬಹುದು.

ಹಾಗಾದ್ರೆ ತೊಂದರೆ ಯಾವಾಗ? ಮುಖ್ಯವಾಗಿ ಮೂರು ಕಡೆ.

ಒಂದು, ಪ್ರಿಂಟರ್. ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರ್ ನಡೆಸೋರಿಗೆ ಇದು ಚೆನ್ನಾಗಿ ಗೊತ್ತು. ಪ್ರಿಂಟರ್ ಕೇಬಲ್ ಬೇರೆ ಪೋರ್ಟ್‌ಗೆ ಹೋದಾಗ ವಿಂಡೋಸ್ ಅದೇ ಹೆಸರಿನ ಮುಂದೆ ‘ಕಾಪಿ 1’ ಅಂತ ಹಾಕಿ ಹೊಸ ಪ್ರಿಂಟರ್ ಸೃಷ್ಟಿಸುತ್ತೆ. ನೀವು ಅಭ್ಯಾಸಬಲದಿಂದ ಹಳೇ ಹೆಸರಿಗೇ ಪ್ರಿಂಟ್ ಕೊಡ್ತೀರಿ. ಅದು ‘ಆಫ್‌ಲೈನ್’ ಅನ್ನುತ್ತೆ, ಹಾಳೆ ಬರಲ್ಲ. ಮತ್ತೆ ಕೊಡ್ತೀರಿ, ಮತ್ತೆ ಕೊಡ್ತೀರಿ. ಕೊನೆಗೊಂದು ದಿನ ಕೇಬಲ್ ಹಳೇ ಪೋರ್ಟ್‌ಗೆ ವಾಪಸ್ ಬಂದಾಗ ಸಾಲಲ್ಲಿ ನಿಂತಿದ್ದ ಹಾಲ್ ಟಿಕೆಟ್‌ಗಳೆಲ್ಲ ಒಟ್ಟಿಗೇ ಹೊರಬರ್ತವೆ. ಇದಕ್ಕೆ ಡಿವೈಸ್ ಮ್ಯಾನೇಜರ್‌ವರೆಗೂ ಹೋಗೋದು ಬೇಡ. ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರ್ಸ್ ಪಟ್ಟಿ ತೆರೆಯಿರಿ. ಪ್ರಿಂಟರ್ ಆನ್ ಮಾಡಿ, ಯಾವ ಹೆಸರು ಜೀವಂತ ಇದೆ ಅಂತ ಒಂದು ಟೆಸ್ಟ್ ಪೇಜ್ ಕೊಟ್ಟು ನೋಡಿ. ಅದನ್ನ ಡಿಫಾಲ್ಟ್ ಮಾಡಿ. ಇನ್ನೊಂದರ ಸಾಲಲ್ಲಿ ನಿಂತಿರೋ ಪ್ರಿಂಟ್‌ಗಳನ್ನ ಕ್ಯಾನ್ಸಲ್ ಮಾಡಿ, ಆಮೇಲೆ ಅದನ್ನ ತೆಗೀರಿ. ಇನ್ನು ಮುಂದೆ ಆ ಕೇಬಲ್‌ಗೆ ಒಂದೇ ಪೋರ್ಟ್ ಅಂತ ಗೊತ್ತುಮಾಡಿ, ಬೇಕಿದ್ರೆ ಅಲ್ಲೊಂದು ಸ್ಟಿಕ್ಕರ್ ಅಂಟಿಸಿ.

ಎರಡು, ಇಂಜಿನಿಯರಿಂಗ್, ಡಿಪ್ಲೊಮಾ ಓದ್ತಾ ಇರೋರಿಗೆ: ಕಾಮ್ ಪೋರ್ಟ್. ಆರ್ಡುಯಿನೊ ಥರದ ಬೋರ್ಡನ್ನ ಜೋಡಿಸಿದಾಗ ವಿಂಡೋಸ್ ಅದಕ್ಕೆ ಕಾಮ್ 3, ಕಾಮ್ 4 ಅಂತ ನಂಬರ್ ಕೊಡುತ್ತೆ. ಮಜಾ ಏನಂದ್ರೆ ಇಲ್ಲಿ ಎರಡು ತದ್ವಿರುದ್ಧ ಕಾರಣಗಳಿಂದ ಒಂದೇ ತೊಂದರೆ ಬರುತ್ತೆ. ಕಡಿಮೆ ಬೆಲೆಯ ಕ್ಲೋನ್ ಬೋರ್ಡ್‌ಗಳಲ್ಲಿ ಹೆಚ್ಚಾಗಿ ಸಿಎಚ್340 ಅನ್ನೋ ಚಿಪ್ ಇರುತ್ತೆ. ಅದಕ್ಕೆ ಸಾಮಾನ್ಯವಾಗಿ ಸೀರಿಯಲ್ ನಂಬರ್ ಇರಲ್ಲ. ಹಾಗಾಗಿ ಪೋರ್ಟ್ ಬದಲಾದಾಗೆಲ್ಲ ಹೊಸ ಕಾಮ್ ನಂಬರ್. ಎಫ್‌ಟಿಡಿಐ ಚಿಪ್ ಇರೋ ಬೋರ್ಡ್‌ಗಳಿಗೆ ಹೆಚ್ಚಾಗಿ ಸೀರಿಯಲ್ ನಂಬರ್ ಇರುತ್ತೆ. ಅಲ್ಲಿ ಪೋರ್ಟ್ ಯಾವುದಾದ್ರೂ ನಂಬರ್ ಅದೇ, ಆದರೆ ಬೋರ್ಡ್ ಬದಲಾದಾಗೆಲ್ಲ ಹೊಸ ನಂಬರ್. ಕಾಲೇಜು ಲ್ಯಾಬ್‌ನ ಲ್ಯಾಪ್‌ಟಾಪ್‌ಗೆ ಮೂವತ್ತು ಬೋರ್ಡ್ ಒಂದಾದ ಮೇಲೊಂದು ಚುಚ್ಚಿದ್ರೆ ಮೂವತ್ತು ನಂಬರ್ ಮುಗೀತು. ನಿಮ್ಮ ಪ್ರಾಜೆಕ್ಟ್ ಡೆಮೊ ದಿನ ಪ್ರೋಗ್ರಾಂ ಕಾಮ್ 3 ಹುಡುಕ್ತಾ ಇರುತ್ತೆ, ಬೋರ್ಡ್ ಕಾಮ್ 34ರಲ್ಲಿ ಕೂತಿರುತ್ತೆ. ಹಳೇ ಸಾಫ್ಟ್‌ವೇರ್ ಕೆಲವು ಕಾಮ್ 9ರ ಮೇಲೆ ತೋರಿಸೋದೇ ಇಲ್ಲ. ಹಳೇ ನಂಬರ್ ಕೈಯಾರೆ ಕೊಡೋಣ ಅಂತ ನೋಡಿದ್ರೆ ‘ಇನ್ ಯೂಸ್’, ಬಳಕೆಯಲ್ಲಿದೆ, ಅನ್ನುತ್ತೆ. ಬಳಸ್ತಿರೋರು ಯಾರು? ಹೋದ ಸೆಮಿಸ್ಟರ್‌ನ ಯಾವುದೋ ಬೋರ್ಡ್‌ನ ದಾಖಲೆ. ಇಲ್ಲಿ ಮಾತ್ರ ಘೋಸ್ಟ್ ಎಂಟ್ರಿ ತೆಗೆಯೋದು ನಿಜವಾದ ಪರಿಹಾರ. ತೆಗೆದ ಕೂಡಲೇ ಆ ನಂಬರ್ ಬಿಡುಗಡೆ ಆಗುತ್ತೆ.

ಮೂರು, ನೆಟ್‌ವರ್ಕ್. ಮೊಬೈಲ್ ಡೇಟಾವನ್ನ ಯುಎಸ್‌ಬಿ ಟೆದರಿಂಗ್ ಮೂಲಕ ಲ್ಯಾಪ್‌ಟಾಪ್‌ಗೆ ಕೊಡೋ ಅಭ್ಯಾಸ ನಮ್ಮಲ್ಲಿ ತುಂಬಾ ಜನಕ್ಕಿದೆ. ನಿಮ್ಮ ಫೋನ್, ರೂಮ್‌ಮೇಟ್ ಫೋನ್, ತಮ್ಮನ ಫೋನ್, ಹೀಗೆ ಪ್ರತಿಯೊಂದೂ ಒಂದೊಂದು ನೆಟ್‌ವರ್ಕ್ ಕಾರ್ಡ್ ಥರ ದಾಖಲಾಗುತ್ತೆ. ಈಥರ್ನೆಟ್ 5, ಈಥರ್ನೆಟ್ 7 ಅಂತ ನಂಬರ್ ಏರ್ತಾ ಹೋಗೋದು ಅದಕ್ಕೇ. ಇದರಿಂದ ನಷ್ಟ ಏನಿಲ್ಲ. ಆದರೆ ಕಾಲೇಜು ಅಥವಾ ಆಫೀಸಿನ ಲ್ಯಾನ್‌ನಲ್ಲಿ ಐಪಿ ವಿಳಾಸವನ್ನ ಕೈಯಾರೆ ಕೊಡಬೇಕಾದ ಕಡೆ, ‘ಈ ವಿಳಾಸ ಈಗಾಗಲೇ ಬೇರೆ ಅಡಾಪ್ಟರ್‌ಗೆ ಕೊಟ್ಟಿದೆ’ ಅನ್ನೋ ಎಚ್ಚರಿಕೆ ಬರಬಹುದು. ಆ ‘ಬೇರೆ ಅಡಾಪ್ಟರ್’ ಕಣ್ಣಿಗೆ ಕಾಣದ ಹಳೇ ಕಾರ್ಡ್ ಆಗಿದ್ರೆ ಅದನ್ನ ತೆಗೀಬೇಕು.

ಈಗ ಉಲ್ಟಾ ವಿಷಯ: ಡಬಲ್ ಥರ ಕಂಡ್ರೂ ಡಬಲ್ ಅಲ್ಲದ್ದು. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಎಡವಟ್ಟಾಗೋದು ಇಲ್ಲೇ.

ಇಯರ್‌ಬಡ್ಸ್ ಇದೆಯಲ್ವಾ? ವಿಂಡೋಸ್ 10ರಲ್ಲಿ ಅದನ್ನ ಜೋಡಿಸಿದ್ರೆ ಸೌಂಡ್ ಪಟ್ಟಿಯಲ್ಲಿ ಎರಡು ಹೆಸರು ಬರುತ್ತೆ. ಒಂದರ ಪಕ್ಕ ‘ಸ್ಟೀರಿಯೊ’, ಇನ್ನೊಂದರ ಪಕ್ಕ ‘ಹ್ಯಾಂಡ್ಸ್ ಫ್ರೀ’. ಒಂದು ನಕಲಿ ಅಂತ ತೆಗೆದುಬಿಡೋರಿದ್ದಾರೆ. ಎರಡೂ ಅಸಲಿ. ಬ್ಲೂಟೂತ್‌ನಲ್ಲಿ ಹಾಡು ಕೇಳೋಕೆ ಒಂದು ವ್ಯವಸ್ಥೆ, ಮೈಕ್ ಜೊತೆಗೆ ಮಾತಾಡೋಕೆ ಇನ್ನೊಂದು ವ್ಯವಸ್ಥೆ. ಮೊದಲನೇದರಲ್ಲಿ ಧ್ವನಿ ಚೆನ್ನಾಗಿರುತ್ತೆ, ಮೈಕ್ ಇರಲ್ಲ. ಎರಡನೇದರಲ್ಲಿ ಮೈಕ್ ಇರುತ್ತೆ, ಧ್ವನಿ ಫೋನ್ ಕಾಲ್ ಮಟ್ಟಕ್ಕೆ ಇಳಿಯುತ್ತೆ. ‘ಲ್ಯಾಪ್‌ಟಾಪ್‌ಗೆ ಕನೆಕ್ಟ್ ಮಾಡಿದ್ರೆ ಹಾಡು ಡಬ್ಬದೊಳಗಿಂದ ಬಂದ ಹಾಗೆ ಕೇಳುತ್ತೆ’ ಅನ್ನೋ ದೂರಿಗೆ ಮುಖ್ಯ ಕಾರಣ ಇದೇ, ಹ್ಯಾಂಡ್ಸ್ ಫ್ರೀ ಆಯ್ಕೆ ಆಗಿರುತ್ತೆ. ಹಾಡಿಗೆ ಸ್ಟೀರಿಯೊ ಆರಿಸಿ, ಅಷ್ಟೇ. ವಿಂಡೋಸ್ 11ರಲ್ಲಿ ಈ ಎರಡನ್ನ ಒಂದೇ ಹೆಸರಿನಡಿ ತೋರಿಸೋ ವ್ಯವಸ್ಥೆ ಬಂದಿದೆ. ಹಳೇ ಲ್ಯಾಪ್‌ಟಾಪ್‌ನವರಿಗೆ ಎರಡೇ ಗತಿ.

ಹಾಗೇ ‘ಪ್ರೊಸೆಸರ್ಸ್’ ಅನ್ನೋ ಕಡೆ ಒಂದೇ ಹೆಸರು ನಾಲ್ಕು ಸಲ ಇರುತ್ತೆ. ನಾಲ್ಕು ಪ್ರೊಸೆಸರ್ ಇದೆ ಅಂತಲ್ಲ, ನಕಲಿ ಅಂತಾನೂ ಅಲ್ಲ. ಎರಡು ಕೋರ್‌ನ ಚಿಪ್ ಪ್ರತಿ ಕೋರ್‌ನಲ್ಲಿ ಎರಡೆರಡು ಕೆಲಸ ಒಟ್ಟಿಗೆ ನಡೆಸಬಲ್ಲದು, ವಿಂಡೋಸ್ ಅದನ್ನ ನಾಲ್ಕು ಅಂತ ಎಣಿಸುತ್ತೆ. ಒಂದೇ ವೈರ್‌ಲೆಸ್ ರಿಸೀವರ್ ಕೀಬೋರ್ಡ್ ಆಗಿಯೂ ಮೌಸ್ ಆಗಿಯೂ ತನ್ನನ್ನ ಪರಿಚಯಿಸ್ಕೊಳ್ಳುತ್ತೆ. ಟಚ್‌ಪ್ಯಾಡ್ ಕೂಡ ಮೌಸ್ ಪಟ್ಟಿಯಲ್ಲೇ ಕಾಣಬಹುದು. ‘ಯುಎಸ್‌ಬಿ ರೂಟ್ ಹಬ್’, ‘ಪಿಸಿಐ ಎಕ್ಸ್‌ಪ್ರೆಸ್ ರೂಟ್ ಪೋರ್ಟ್’ ಸಾಲುಸಾಲಾಗಿ ಇರೋದು ಸಹಜ. ನೆಟ್‌ವರ್ಕ್‌ನಲ್ಲಿ ‘ವ್ಯಾನ್ ಮಿನಿಪೋರ್ಟ್’, ‘ವೈಫೈ ಡೈರೆಕ್ಟ್ ವರ್ಚುವಲ್ ಅಡಾಪ್ಟರ್’ ಅನ್ನೋವು ವಿಂಡೋಸ್ ತನಗಾಗಿ ಇಟ್ಕೊಂಡಿರೋವು. ಮೊಬೈಲ್ ಹಾಟ್‌ಸ್ಪಾಟ್ ಕೆಲಸ ಮಾಡೋಕೆ ಆ ವರ್ಚುವಲ್ ಅಡಾಪ್ಟರ್ ಬೇಕು. ಅದರ ಮುಂದೆ ‘#2’ ಇದ್ರೂ ಬಿಟ್ಟುಬಿಡಿ.

ಗುರುತಿಸೋದು ಹೇಗೆ? ಬಣ್ಣದಿಂದ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಮೇಲೆ ‘ವ್ಯೂ’ ಮೆನುವಿನಲ್ಲಿ ‘ಶೋ ಹಿಡನ್ ಡಿವೈಸಸ್’ ಒತ್ತಿ. ಈಗ ಕೆಲವು ಐಕಾನ್‌ಗಳು ಮಸುಕಾಗಿ ಕಾಣ್ತವೆ. ಮಸುಕಾಗಿರೋದು ಅಂದ್ರೆ ಈಗ ಜೋಡಿಸಿಲ್ಲದ್ದು. ಅದರ ಪ್ರಾಪರ್ಟೀಸ್ ತೆರೆದ್ರೆ ‘ಕೋಡ್ 45’ ಅಂತ ಬರೆದಿರುತ್ತೆ, ಈ ಸಾಧನ ಈಗ ಕಂಪ್ಯೂಟರ್‌ಗೆ ಜೋಡಣೆ ಆಗಿಲ್ಲ ಅಂತ ಅರ್ಥ. ಹಳದಿ ತ್ರಿಕೋನ ಇದ್ರೆ ಅದು ಬೇರೆ ಕಥೆ. ಸಾಧನ ಇದೆ, ಆದರೆ ಡ್ರೈವರ್ ಇಲ್ಲ ಅಥವಾ ಕೆಟ್ಟಿದೆ. ಅದನ್ನ ಘೋಸ್ಟ್ ಜೊತೆ ಸೇರಿಸಬೇಡಿ.

ಇನ್ನೂ ವಿಂಡೋಸ್ 7 ಓಡಿಸ್ತಾ ಇರೋರಿಗೆ ಒಂದು ಮಾತು. ಅಲ್ಲಿ ‘ಶೋ ಹಿಡನ್’ ಒತ್ತಿದ ಮಾತ್ರಕ್ಕೆ ಈ ಮಸುಕು ಎಂಟ್ರಿಗಳು ಕಾಣಲ್ಲ. ಸಿಸ್ಟಂ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಭಾಗದಲ್ಲಿ ‘ಎನ್ವಿರಾನ್‌ಮೆಂಟ್ ವೇರಿಯಬಲ್ಸ್’ ಅಂತಿದೆ. ಅಲ್ಲಿ ‘ಡೆವ್‌ಎಂಜಿಆರ್, ಶೋ, ನಾನ್‌ಪ್ರೆಸೆಂಟ್, ಡಿವೈಸಸ್’ ಈ ನಾಲ್ಕನ್ನೂ ನಡುವೆ ಅಂಡರ್‌ಸ್ಕೋರ್ ಹಾಕಿ ಒಂದೇ ಹೆಸರಾಗಿ ಬರೆದು, ಬೆಲೆ 1 ಅಂತ ಕೊಡಬೇಕು. ಆಮೇಲೆ ಡಿವೈಸ್ ಮ್ಯಾನೇಜರ್ ತೆರೆದು ‘ಶೋ ಹಿಡನ್’ ಒತ್ತಬೇಕು. ವಿಂಡೋಸ್ 8ರಿಂದ ಈಚೆಗೆ ಈ ಕಷ್ಟ ಇಲ್ಲ. (ವಿಂಡೋಸ್ 7ಕ್ಕೆ ಬೆಂಬಲ 2020ರ ಜನವರಿಯಲ್ಲೇ ನಿಂತಿದೆ. 10ಕ್ಕೂ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಬ್ಯಾಂಕಿಂಗ್ ಕೆಲಸ ಅದರಲ್ಲಿ ಮಾಡೋರು ಯೋಚಿಸಿ.)

ತೆಗೆಯೋಕೆ ಮುಂಚೆ ಒಂದು ಕೆಲಸ ಖಂಡಿತ ಮಾಡಿ. ನೀವು ದಿನಾ ಬಳಸೋ ಮೌಸ್, ಪ್ರಿಂಟರ್, ಡಾಂಗಲ್, ಬೋರ್ಡ್ ಎಲ್ಲವನ್ನೂ ಅವುಗಳ ಮಾಮೂಲಿ ಪೋರ್ಟ್‌ಗೆ ಚುಚ್ಚಿ. ವೈಫೈ, ಬ್ಲೂಟೂತ್, ಕ್ಯಾಮೆರಾ ಆನ್ ಮಾಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಕ್ಯಾಮೆರಾಗೆ ಪ್ರತ್ಯೇಕ ಸ್ವಿಚ್ ಇರುತ್ತೆ, ಆಫ್ ಮಾಡಿದ್ರೆ ಸಾಧನವೇ ಕಡಿದುಹೋಗಿ ಮಸುಕಾಗುತ್ತೆ. ಹೀಗೆ ಎಲ್ಲ ಜೋಡಿಸಿದ ಮೇಲೂ ಮಸುಕಾಗಿ ಉಳಿಯೋದೇ ನಿಜವಾದ ಹಳೇ ಬಾಡಿಗೆದಾರ. ಅನುಮಾನ ಇದ್ರೆ ಪ್ರಾಪರ್ಟೀಸ್‌ನ ‘ಡೀಟೇಲ್ಸ್’ ಭಾಗದ ಪಟ್ಟಿಯಲ್ಲಿ ‘ಲಾಸ್ಟ್ ರಿಮೂವಲ್ ಡೇಟ್’ ಆರಿಸಿ ನೋಡಿ. ಎರಡು ವರ್ಷದ ಹಿಂದೆ ಕೊನೇ ಸಲ ಕಿತ್ತಿದ್ದು ಅಂತ ಗೊತ್ತಾದ್ರೆ ಧೈರ್ಯವಾಗಿ ತೆಗೀಬಹುದು.

ಆಮೇಲೆ ಒಂದು ರಿಸ್ಟೋರ್ ಪಾಯಿಂಟ್. ಸ್ಟಾರ್ಟ್‌ನಲ್ಲಿ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಅಂತ ಹುಡುಕಿ. ಪ್ರೊಟೆಕ್ಷನ್ ಆಫ್ ಇದ್ರೆ ಆನ್ ಮಾಡಿ, ‘ಕ್ರಿಯೇಟ್’ ಒತ್ತಿ.

ಈಗ ಮಸುಕು ಎಂಟ್ರಿ ಮೇಲೆ ರೈಟ್ ಕ್ಲಿಕ್, ‘ಅನ್‌ಇನ್‌ಸ್ಟಾಲ್ ಡಿವೈಸ್’. ಇಲ್ಲಿ ಒಂದು ಚೌಕ ಬರಬಹುದು, ಈ ಸಾಧನದ ಡ್ರೈವರನ್ನೂ ತೆಗೀಲಾ ಅಂತ. ಟಿಕ್ ಹಾಕಬೇಡಿ. ಈ ಇಡೀ ಸಂಚಿಕೆಯಲ್ಲಿ ಒಂದೇ ಒಂದು ಮಾತು ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. ಮಸುಕಾದ ಮೌಸ್‌ಗೂ ಕೆಲಸ ಮಾಡ್ತಿರೋ ಮೌಸ್‌ಗೂ ಡ್ರೈವರ್ ಒಂದೇ ಇರಬಹುದು. ಹಳೇ ಬೋರ್ಡ್ ಕಿತ್ತುಹಾಕೋಕೆ ಹೋಗಿ ಮನೆಯನ್ನೇ ಬೀಳಿಸಿದ ಹಾಗಾಗುತ್ತೆ. ಟಿಕ್ ಹಾಕದೆ ತೆಗೆದ್ರೆ ಹೋಗೋದು ದಾಖಲೆ ಮಾತ್ರ, ಡ್ರೈವರ್ ಫೈಲ್ ಲ್ಯಾಪ್‌ಟಾಪ್‌ನಲ್ಲೇ ಉಳಿಯುತ್ತೆ. ನಾಳೆ ಅದೇ ಸಾಧನ ಮತ್ತೆ ಚುಚ್ಚಿದ್ರೆ ತಾನಾಗಿ ವಾಪಸ್ ಬರುತ್ತೆ.

ಒಂದೊಂದೇ ತೆಗೀರಿ. ನಿಮ್ಮ ತೊಂದರೆ ಕಾಮ್ ಪೋರ್ಟ್ ಆಗಿದ್ರೆ ‘ಪೋರ್ಟ್ಸ್’ ಕೆಳಗಿನವನ್ನ ಮಾತ್ರ. ನೆಟ್‌ವರ್ಕ್ ಆಗಿದ್ರೆ ಆ ಹಳೇ ಕಾರ್ಡನ್ನ ಮಾತ್ರ. ‘ಸಿಸ್ಟಂ ಡಿವೈಸಸ್’, ‘ಸಾಫ್ಟ್‌ವೇರ್ ಡಿವೈಸಸ್’, ‘ಸೆಕ್ಯುರಿಟಿ ಡಿವೈಸಸ್’, ‘ಫರ್ಮ್‌ವೇರ್’ ಇವನ್ನ ತೆರೆದು ನೋಡೋ ಕುತೂಹಲ ಇದ್ರೆ ನೋಡಿ, ಕೈ ಹಿಂದೆ ಕಟ್ಕೊಂಡು. ಸ್ಟೋರೇಜ್ ಕಡೆ ‘ಶ್ಯಾಡೋ ಕಾಪಿ’ ಅಂತ ಹತ್ತಾರು ಮಸುಕು ಸಾಲು ಕಂಡ್ರೆ ಅವು ರಿಸ್ಟೋರ್ ಪಾಯಿಂಟ್, ಬ್ಯಾಕಪ್‌ಗೆ ಸಂಬಂಧಿಸಿದವು. ಅವುಗಳ ಗೊಡವೆ ಬೇಡ. ಕಮಾಂಡ್ ಬಳಸಿ ಅಭ್ಯಾಸ ಇರೋರಿಗೆ ವಿಂಡೋಸ್ 10ರ ಹೊಸ ಆವೃತ್ತಿಗಳಲ್ಲಿ ‘ಪಿಎನ್‌ಪಿಯುಟಿಲ್’ ಅನ್ನೋ ಸಾಧನ ಜೊತೆಗೇ ಬರುತ್ತೆ, ಜೋಡಿಸಿಲ್ಲದ ಡಿವೈಸ್‌ಗಳ ಪಟ್ಟಿ ಕೊಡುತ್ತೆ, ತೆಗೆಯೋಕೂ ಆಗುತ್ತೆ. ಆದರೆ ನೂರಾರು ಎಂಟ್ರಿ ಒಂದೇ ಏಟಿಗೆ ತೆಗೆಯೋ ಸ್ಕ್ರಿಪ್ಟನ್ನ ಎಲ್ಲಿಂದಲೋ ತಂದು ಓಡಿಸೋದು ನನಗಂತೂ ಇಷ್ಟ ಇಲ್ಲ.

ಕೆಲಸ ಮುಗಿದ ಮೇಲೆ ರೀಸ್ಟಾರ್ಟ್ ಮಾಡಿ, ಪ್ರಿಂಟ್ ಕೊಟ್ಟು ನೋಡಿ, ಬೋರ್ಡ್ ಜೋಡಿಸಿ ನೋಡಿ. ಕಾಮ್ ಪೋರ್ಟ್‌ನವರು ಬೋರ್ಡ್‌ನ ಪ್ರಾಪರ್ಟೀಸ್‌ನಲ್ಲಿ ‘ಪೋರ್ಟ್ ಸೆಟ್ಟಿಂಗ್ಸ್’, ಅಲ್ಲಿಂದ ‘ಅಡ್ವಾನ್ಸ್ಡ್’ಗೆ ಹೋಗಿ ಬೇಕಾದ ನಂಬರ್ ಆರಿಸಬಹುದು. ಈಗ ‘ಇನ್ ಯೂಸ್’ ಅನ್ನೋ ತಕರಾರು ಇರಲ್ಲ.

ಅಪ್ಪಿತಪ್ಪಿ ಜೀವಂತ ಇದ್ದದ್ದನ್ನೇ ತೆಗೆದುಬಿಟ್ರೆ? ಟಚ್‌ಪ್ಯಾಡ್, ಕೀಬೋರ್ಡ್ ಎರಡೂ ನಿಂತುಹೋದ್ರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಮತ್ತೆ ಆನ್ ಮಾಡಿ. ವಿಂಡೋಸ್ ಶುರುವಾಗುವಾಗ ಎಲ್ಲವನ್ನೂ ಮತ್ತೆ ಹುಡುಕುತ್ತೆ, ಸಾಮಾನ್ಯವಾಗಿ ವಾಪಸ್ ಬರ್ತವೆ. ವೈಫೈ ಹೋದ್ರೆ ಡಿವೈಸ್ ಮ್ಯಾನೇಜರ್‌ನ ‘ಆ್ಯಕ್ಷನ್’ ಮೆನುವಿನಲ್ಲಿ ‘ಸ್ಕ್ಯಾನ್ ಫಾರ್ ಹಾರ್ಡ್‌ವೇರ್ ಚೇಂಜಸ್’ ಒತ್ತಿ. ಬರಲಿಲ್ಲ, ಡ್ರೈವರೇ ಹೋಗಿದೆ ಅಂದ್ರೆ ಆಂಡ್ರಾಯ್ಡ್ ಫೋನನ್ನ ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಇದೆ, ನೆಟ್ ಬರುತ್ತೆ. ಲ್ಯಾಪ್‌ಟಾಪ್ ಕಂಪನಿಯ ವೆಬ್‌ಸೈಟ್‌ಗೆ ಹೋಗಿ, ನಿಮ್ಮ ಮಾಡೆಲ್‌ನ ವೈಫೈ ಡ್ರೈವರ್ ಇಳಿಸ್ಕೊಳ್ಳಿ. ಪಟ್ಟಿಯಲ್ಲಿ ಇನ್ನೊಂದು ಈಥರ್ನೆಟ್ ಸೇರಿಕೊಳ್ಳುತ್ತೆ, ಸೇರಲಿ ಬಿಡಿ.